ಕೋಲಾರದ ಕೆರೆ ಉತ್ತರ ಧ್ರುವದ ಕಡೆ ಹೋಗಿದ್ದೇಕೆ?

ಪ್ರಶ್ನೆ: ಸರ್, ನಾನು ಭೂಗೋಳದಲ್ಲಿ ಎಂ.ಎ. ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಕೋಲಾರದ ಹತ್ತಿರದ ಒಂದು ಕೆರೆಯ ನಕ್ಷೆಯನ್ನು ಕ್ಯೂಜಿಐಎಸ್ ಅನ್ನುವ ಉಚಿತ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿದ್ದೇನೆ. ವಿಸ್ತೀರ್ಣ ಲೆಕ್ಕ ಹಾಕಿದರೆ 0.00004 ಅಂತ ಬರುತ್ತಿದೆ. ಗೆಳೆಯ ವಾಟ್ಸಾಪ್‌ನಲ್ಲಿ ಕಳಿಸಿದ ಹಳ್ಳಿ ಗಡಿಗಳ ಶೇಪ್‌ಫೈಲ್ (ನಕ್ಷೆಯ ಗೆರೆಗಳನ್ನು ಇಡುವ ಫೈಲ್) ಕೆರೆಯ ಜೊತೆ ಕೂರುತ್ತಲೇ ಇಲ್ಲ. ಫೋನಿನಲ್ಲಿ ಗುರುತು ಮಾಡಿಕೊಂಡ ತೂಬು, ಕೋಡಿಯ ಬಿಂದುಗಳಂತೂ ಉತ್ತರ ಧ್ರುವದ ಕಡೆ ಹೋಗಿವೆ. ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ತಗೊಳ್ಳಬೇಕಾ?

ಉತ್ತರ: ಬೇಡ. ಲಕ್ಷ ಕೊಟ್ಟು ತಂದರೂ ಇದೇ ತೊಂದರೆ ಬರುತ್ತದೆ. ಮೂರೂ ಕಡೆ ಎಡವಟ್ಟಾಗಿರುವುದು ಒಂದೇ ವಿಷಯದಲ್ಲಿ. ಈ ಅಂಕಿಗಳು ಯಾವ ಅಳತೆಯಲ್ಲಿವೆ ಅಂತ ನೀವು ಸಾಫ್ಟ್‌ವೇರ್‌ಗೆ ಸರಿಯಾಗಿ ಹೇಳಿಲ್ಲ.

ಧ್ರುವದ ಕಥೆ ಸುಲಭ. ಫೋನು ಮೊದಲು ಅಕ್ಷಾಂಶ ತೋರಿಸುತ್ತದೆ, ಆಮೇಲೆ ರೇಖಾಂಶ. ಕ್ಯೂಜಿಐಎಸ್‌ನಲ್ಲಿ ಎಕ್ಸ್ ಅಂದರೆ ರೇಖಾಂಶ. ನೀವು ಅದಲು ಬದಲು ಮಾಡಿದ್ದೀರಿ. ಕೋಲಾರ ಸುಮಾರು 13.13 ಉತ್ತರ, 78.13 ಪೂರ್ವ. ತಿರುಗಿಸಿ ಹಾಕಿದರೆ ಸ್ವಾಲ್ಬಾರ್ಡ್ ದ್ವೀಪದ ಪಕ್ಕದ ಸಮುದ್ರಕ್ಕೆ ಬೀಳುತ್ತೀರಿ. ಹಿಮಕರಡಿಗಳ ಊರು ಅದು!

ಇನ್ನು 0.00004. ಅದು ತಪ್ಪು ಲೆಕ್ಕವಲ್ಲ, ಚದರ ಡಿಗ್ರಿಯ ಲೆಕ್ಕ. ನಮ್ಮ ಕಡೆ ಒಂದು ಚದರ ಡಿಗ್ರಿ ಅಂದರೆ ಹತ್ತಿರ ಹತ್ತಿರ 12,000 ಚದರ ಕಿ.ಮೀ. ಗುಣಿಸಿ ನೋಡಿ: ನಿಮ್ಮ ಕೆರೆ ಸುಮಾರು 48 ಹೆಕ್ಟೇರ್, ಅಂದಾಜು 119 ಎಕರೆ. ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಎರಡು ಏರಿಯಾ ಇವೆ. ಆವರಣದಲ್ಲಿ ಜಿಯೋಮೆಟ್ರಿ ಬರೆಯುವಂಥದ್ದು ಲೇಯರ್ (ನಕ್ಷೆಯ ಒಂದು ಪದರ) ಯಾವ ಅಳತೆಯಲ್ಲಿದೆಯೋ ಅದರಲ್ಲೇ ಉತ್ತರ ಕೊಡುತ್ತದೆ. ನೀವು ಬಳಸಿದ್ದು ಬಹುಶಃ ಅದನ್ನೇ. ಡಾಲರ್ ಗುರುತಿನ ಏರಿಯಾ ಬಳಸಿ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಎಲಿಪ್ಸಾಯ್ಡ್ (ಭೂಮಿಯ ಚಪ್ಪಟೆ ಗೋಳದ ಮಾದರಿ) ಆರಿಸಿದ್ದರೆ ಅದು ಭೂಮಿಯ ಆಕಾರವನ್ನೂ ಲೆಕ್ಕಕ್ಕೆ ಹಿಡಿದು ಉತ್ತರ ಕೊಡುತ್ತದೆ.

ಹಳ್ಳಿ ಗಡಿಯದು ಸ್ವಲ್ಪ ದೊಡ್ಡ ತಲೆನೋವು. ಶೇಪ್‌ಫೈಲ್ ಅಂದರೆ ಒಂದು ಫೈಲ್ ಅಲ್ಲ, ಒಂದು ಕುಟುಂಬ. ಅದರಲ್ಲಿ ಪಿಆರ್‌ಜೆ ಅನ್ನುವ ಪುಟ್ಟ ಫೈಲ್ ಇರುತ್ತದೆ. ಅಳತೆಯ ಹೆಸರು ಬರೆದಿರುವುದು ಅದರಲ್ಲೇ. ಗೆಳೆಯ ಅದನ್ನು ಕಳಿಸಿಯೇ ಇಲ್ಲ ಅಂತ ನನ್ನ ಅನುಮಾನ. ಮೊದಲು ಕೇಳಿ ನೋಡಿ, ಎಲ್ಲವನ್ನೂ ಜಿಪ್ ಮಾಡಿ ಕಳಿಸಲಿ.

ಅವನ ಹತ್ತಿರವೂ ಇಲ್ಲದಿದ್ದರೆ ಪತ್ತೇದಾರಿಕೆ ಮಾಡಬಹುದು. ಲೇಯರ್ ಪ್ರಾಪರ್ಟೀಸ್‌ನಲ್ಲಿ ಎಕ್ಸ್‌ಟೆಂಟ್, ಅಂದರೆ ನಕ್ಷೆಯ ಅಂಚುಗಳ ಅಂಕಿ, ನೋಡಿ. ಎಕ್ಸ್ 78ರ ಆಸುಪಾಸು ಇದ್ದರೆ ಡಿಗ್ರಿ, ಬಹುತೇಕ ಇಪಿಎಸ್‌ಜಿ 4326 (ಪ್ರತಿ ಅಳತೆಗೂ ಇಂಥದ್ದೊಂದು ಕೋಡ್ ಸಂಖ್ಯೆ ಇರುತ್ತದೆ). 1.9 ಲಕ್ಷದ ಹತ್ತಿರ ಇದ್ದರೆ ಯುಟಿಎಂ (ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ) 44 ಉತ್ತರ, ಅಂದರೆ 32644. 8.4 ಲಕ್ಷ ಇದ್ದರೆ ಯುಟಿಎಂ 43, ಅಂದರೆ 32643. 87 ಲಕ್ಷ ಕಂಡರೆ ವೆಬ್ ಮರ್ಕೇಟರ್ (ಆನ್‌ಲೈನ್ ನಕ್ಷೆಗಳ ಅಳತೆ), 3857. ಇದರಲ್ಲಿ ವಿಸ್ತೀರ್ಣ ಅಳೆಯಲೇಬೇಡಿ, ನಮ್ಮ ಕಡೆಯೂ ಸುಮಾರು ಶೇಕಡಾ 6ರಷ್ಟು ಜಾಸ್ತಿ ತೋರಿಸುತ್ತದೆ.

ಗೊತ್ತಾದ ಮೇಲೆ ಆ ಹೆಸರನ್ನು 'ಸೆಟ್ ಲೇಯರ್ ಸಿಆರ್‌ಎಸ್'ನಲ್ಲಿ ಕೊಡಿ (ಸಿಆರ್‌ಎಸ್ ಅಂದರೆ ನಾನು ಹೇಳುತ್ತಿರುವ ಈ ಅಳತೆಯೇ). ಇಲ್ಲೇ ಎಲ್ಲರೂ ಜಾರುವುದು, ನಾನೂ ಜಾರಿದ್ದೇನೆ. ಅದು ಡಬ್ಬಿಗೆ ಚೀಟಿ ಅಂಟಿಸುವ ಕೆಲಸ ಅಷ್ಟೇ. ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಚೀಟಿ ಹಚ್ಚಿದರೆ ಕಾಫಿ ಕೆಡುತ್ತದೆ, ಅಲ್ವಾ? ಅಳತೆಯನ್ನೇ ಬದಲಿಸಬೇಕೆಂದರೆ 'ರೀಪ್ರೊಜೆಕ್ಟ್ ಲೇಯರ್' ಬೇರೆಯೇ ಇದೆ.

43 ಸರಿಯೋ 44 ಸರಿಯೋ ಅಂತ ನಿಮ್ಮ ಗೈಡ್ ಕೇಳಬಹುದು. ಕರ್ನಾಟಕದ ಬಹುಪಾಲು 43ರಲ್ಲಿದೆ, ಆದರೆ 78 ಡಿಗ್ರಿ ದಾಟಿದ ಕೋಲಾರ ಪಟ್ಟಣ 44ಕ್ಕೆ ಸೇರುತ್ತದೆ. ಎರಡರಲ್ಲಿ ಯಾವುದಕ್ಕೆ ರೀಪ್ರೊಜೆಕ್ಟ್ ಮಾಡಿ ಅಳೆದರೂ ನಿಮ್ಮ ಕೆರೆಯ ಮಟ್ಟಿಗೆ ವ್ಯತ್ಯಾಸ ಒಂದೆರಡು ಗುಂಟೆ. ಎಲ್ಲ ಲೇಯರ್‌ಗಳೂ ಒಂದರಲ್ಲೇ ಇರಲಿ, ಸಾಕು.

ಪಹಣಿಯಲ್ಲಿರುವ ಅಂಕಿಗೆ ನಿಮ್ಮ ಉತ್ತರ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ. ಪಹಣಿಯದು ಕೆರೆಯ ಜಾಗ, ನೀವು ಅಳೆದದ್ದು ನೀರು. ಸೆಂಟಿನೆಲ್-2 ಉಪಗ್ರಹದ ಚಿತ್ರ ಬಳಸಿದ್ದರೆ ಅದರ ಒಂದು ಚೌಕ 10 ಮೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಗುಂಟೆ. ಅದಕ್ಕಿಂತ ಸೂಕ್ಷ್ಮವಾಗಿ ಅಂಚು ಎಳೆದೆ ಅಂದರೆ ನಂಬುವುದು ಕಷ್ಟ. ಚಿತ್ರದ ತಾರೀಖನ್ನು ನಕ್ಷೆಯ ಮೂಲೆಯಲ್ಲಿ ಬರೆಯಿರಿ. ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರತೊಡಗಿದ್ದು 2018ರಲ್ಲಿ. ನಿಮ್ಮ ಕೆರೆಗೂ ಆ ನೀರು ಬರುತ್ತಿದ್ದರೆ 2017ರ ಏಪ್ರಿಲ್ ಚಿತ್ರವನ್ನೂ ಈ ವರ್ಷದ ಏಪ್ರಿಲ್ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪ್ರಾಜೆಕ್ಟಿಗೆ ಇನ್ನೊಂದು ಅಧ್ಯಾಯ ಸಿಕ್ಕೀತು.