ಬೀಗ-ಕೀಲಿ ಬಿಡಿ, ಕಿಣ್ವದ ಕೆಲಸ ಬರೆಯಿರಿ

ನಮಸ್ಕಾರ. ಎಚ್‌ಐವಿ ಮಾತ್ರೆಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಶ್ರಮ ಕಾಣುತ್ತದೆ. ಆದರೆ ಮೂರನೇ ಪ್ಯಾರಾ ಓದಿ ನಿಜಕ್ಕೂ ಸಿಟ್ಟು ಬಂತು, ಹಾಗಾಗಿ ಅದೊಂದರ ಬಗ್ಗೆಯೇ ಬರೆಯುತ್ತೇನೆ.

ನಿಮ್ಮ ಸಾಲು ಇದು: ‘ಜಿಡೋವುಡಿನ್, ಬೀಗದಲ್ಲಿ ಸಿಕ್ಕಿಕೊಂಡ ತಪ್ಪು ಕೀಲಿಯಂತೆ, ವೈರಸ್ಸಿನ ಕಿಣ್ವವನ್ನು ತಡೆಯುತ್ತದೆ.’ ಅಲ್ಲಿ ನಡೆಯುವುದು ಅದಲ್ಲ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಆ ಕಿಣ್ವ ವೈರಸ್ಸಿನ ಆರ್‌ಎನ್‌ಎ ನೋಡಿಕೊಂಡು, ಒಂದೊಂದೇ ತುಂಡು ಸೇರಿಸುತ್ತಾ ಡಿಎನ್‌ಎ ಸರಪಳಿ ಕಟ್ಟುತ್ತದೆ. ಜಿಡೋವುಡಿನ್ ಹೆಚ್ಚುಕಮ್ಮಿ ಆ ತುಂಡುಗಳಲ್ಲೊಂದಾದ ಥೈಮಿಡಿನ್ ಥರವೇ ಇದೆ. ನಮ್ಮದೇ ಜೀವಕೋಶ ಅದಕ್ಕೆ ಮೂರು ಫಾಸ್ಫೇಟ್ ಅಂಟಿಸಿಕೊಡುತ್ತದೆ, ಕಿಣ್ವ ಅದನ್ನು ಅಸಲಿ ಎಂದೇ ಎತ್ತಿಕೊಂಡು ಸರಪಳಿಗೆ ಹಾಕುತ್ತದೆ. ಮುಂದಿನ ತುಂಡು ಬಂದು ಸೇರಲು ಅಲ್ಲಿ ಹೈಡ್ರಾಕ್ಸಿಲ್ ಗುಂಪು ಬೇಕು. ಇಲ್ಲಿರುವುದು ಮೂರು ಸಾರಜನಕದ ಅಜೈಡ್ ಗುಂಪು. ಸರಪಳಿ ಅಲ್ಲಿಗೇ ನಿಂತುಹೋಗುತ್ತದೆ. ಇಷ್ಟು ಚೆಂದದ ಸಂಗತಿಯನ್ನು ಬಿಟ್ಟು ಬೀಗ ಯಾಕೆ?

ಮುಂದಿನ ಸಾಲಿನಲ್ಲಿ ನೆವಿರಪಿನ್ ಎಂಬ ಇನ್ನೊಂದು ಎಚ್‌ಐವಿ ಔಷಧ ಕೂಡ ‘ಇದೇ ರೀತಿ’ ಎಂದಿದ್ದೀರಿ. ಅಲ್ಲ. ಅದು ಸರಪಳಿಗೆ ಸೇರುವುದೇ ಇಲ್ಲ. ಕಿಣ್ವ ಕೆಲಸ ಮಾಡುವ ಜಾಗದ ಪಕ್ಕದ ಸಂದಿಗೆ ಹೊಕ್ಕು ಕಿಣ್ವದ ಆಕಾರವನ್ನೇ ಬದಲಿಸುತ್ತದೆ.

ನಾನು ಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದಾಗ ಡೆಸ್ಕಿನಲ್ಲಿ ಹಿರಿಯರೊಬ್ಬರಿದ್ದರು. ವಿಜ್ಞಾನದ ಕಾಪಿಯಲ್ಲಿ ‘ಅಂತೆ’, ‘ಹಾಗೆ’ ಕಂಡರೆ ಪೆನ್ಸಿಲ್‌ನಿಂದ ಹೊಡೆದುಹಾಕಿ, ‘ಈಗ ಓದು, ಏನು ಉಳೀತು ಹೇಳು’ ಎನ್ನುತ್ತಿದ್ದರು. ಏನೂ ಉಳಿಯದಿದ್ದರೆ ಆ ಕಾಪಿ ಅವತ್ತು ಅಚ್ಚಿಗೆ ಹೋಗುತ್ತಿರಲಿಲ್ಲ, ಪುಟ ಖಾಲಿ ಇದ್ದರೂ ಸರಿ. ನಿಮ್ಮ ಸಾಲಿನಿಂದ ಬೀಗ ತೆಗೆದರೆ ಉಳಿಯುವುದು ‘ತಡೆಯುತ್ತದೆ’ ಒಂದೇ, ಅಲ್ವಾ?

ಪ್ಯಾರಾದ ಕೊನೆಗೆ ‘ಹೀಗೆ ಮಾತ್ರೆ ವೈರಸ್ಸನ್ನು ಕೊಲ್ಲುತ್ತದೆ’ ಎಂದು ಬರೆದಿದ್ದೀರಿ. ಇದನ್ನಂತೂ ನಾನು ಸುಮ್ನೆ ಬಿಡಲಾರೆ. ಈಗಾಗಲೇ ಸಿಡಿ4 ಕೋಶದ (ಎಚ್‌ಐವಿ ಹೊಕ್ಕುವ ಬಿಳಿ ರಕ್ತಕಣದ) ಡಿಎನ್‌ಎಗೆ ಸೇರಿಕೊಂಡ ವೈರಸ್ಸನ್ನು ಈ ಮಾತ್ರೆಗಳು ಮುಟ್ಟುವುದಿಲ್ಲ, ಹೊಸ ಕೋಶಗಳಿಗೆ ಹರಡದಂತೆ ನೋಡಿಕೊಳ್ಳುತ್ತವೆ, ಅಷ್ಟೇ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ರಕ್ತದಲ್ಲಿ ವೈರಸ್ ಮತ್ತೆ ಏರುತ್ತದೆ. ನಮ್ಮಲ್ಲಿ 2004ರಿಂದ ಸರ್ಕಾರ ಎಆರ್‌ಟಿ, ಅಂದರೆ ಈ ಮಾತ್ರೆಗಳ ಚಿಕಿತ್ಸೆಯನ್ನು, ತನ್ನ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಿದೆ. ಅಂಥ ಕೇಂದ್ರದಿಂದ ‘ವೈರಸ್ ಪತ್ತೆಯಾಗಿಲ್ಲ’ ಎಂಬ ರಿಪೋರ್ಟ್ ಹಿಡಿದು ಬಂದವರು ನಿಮ್ಮ ಸಾಲು ಓದಿ, ಸತ್ತಿತಲ್ಲ, ಇನ್ನು ಮಾತ್ರೆ ಯಾಕೆ ಎಂದುಕೊಂಡರೆ?

ಈ ಪ್ಯಾರಾವನ್ನು ಪೂರ್ತಿ ಹೊಸದಾಗಿ ಬರೆದು ಕಳಿಸಿ. ಉದ್ದವಾದರೂ ಪರವಾಗಿಲ್ಲ, ಜಾಗ ನಾನು ಹೊಂದಿಸುತ್ತೇನೆ.