ಮೊಳ ಕೈಯಿಂದ ಬಂತು, ಮೀಟರ್ ಎಲ್ಲಿಂದ ಬಂತು?

ಪ್ರಶ್ನೆ: ಹೂವನ್ನು ಇವತ್ತಿಗೂ ಮೊಳದ ಲೆಕ್ಕದಲ್ಲಿ ಕೊಳ್ಳುತ್ತೇವೆ. ಮೊಳ, ಗೇಣು, ಅಡಿ ಎಲ್ಲ ನಮ್ಮ ಮೈಯಿಂದಲೇ ಬಂದವು, ಅಲ್ವಾ? ಮೀಟರ್ ಎಲ್ಲಿಂದ ಬಂತು? ಅದರಲ್ಲಿ ಎಲ್ಲವೂ ಹತ್ತು, ನೂರು, ಸಾವಿರ ಅಂತಲೇ ಯಾಕಿದೆ?

ಉತ್ತರ: ಮೀಟರ್ ಬಂದಿದ್ದು ಭೂಮಿಯಿಂದ. ಉತ್ತರ ಧ್ರುವದಿಂದ ಪ್ಯಾರಿಸ್ ಮೇಲೆ ಹಾದು ಸಮಭಾಜಕದವರೆಗೆ ಒಂದು ಗೆರೆ ಎಳೆದುಕೊಳ್ಳಿ. ಅದನ್ನು ಒಂದು ಕೋಟಿ ಪಾಲು ಮಾಡಿ. ಅದರಲ್ಲಿ ಒಂದು ಪಾಲೇ ಮೀಟರ್. ಹೀಗಂತ 1791ರಲ್ಲಿ ಫ್ರಾನ್ಸಿನಲ್ಲಿ ತೀರ್ಮಾನವಾಯಿತು.

ಭೂಮಿಯೇ ಯಾಕೆ? ಆಗ ಅಲ್ಲಿ ಊರಿಗೊಂದು ಅಳತೆ ಇತ್ತು. ರೈತರಿಂದ ಧಾನ್ಯದ ಪಾಲು ವಸೂಲಿ ಮಾಡುತ್ತಿದ್ದ ಜಮೀನ್ದಾರರ ಕೈಯಲ್ಲೇ ನಮ್ಮ ಕೊಳಗದಂಥ ಅಳತೆ ಪಾತ್ರೆಯೂ ಇರುತ್ತಿತ್ತು. ಅದರಲ್ಲಿ ಮೋಸವಾಗುತ್ತಿದೆ ಅಂತ 1789ರಲ್ಲಿ ಜನ ದೊರೆಗೆ ಕೊಟ್ಟ ಅಹವಾಲುಗಳಲ್ಲಿ ಬರೆದುಕೊಂಡರು. ಯಾವ ದೊರೆಗೂ, ಯಾವ ಊರಿಗೂ ಸೇರದ ಅಳತೆ ಬೇಕಿತ್ತು. ವಿಜ್ಞಾನಿಗಳ ಆಸೆಯಷ್ಟೇ ರೈತರ ಸಿಟ್ಟೂ ಮೀಟರಿನ ಹಿಂದಿದೆ. ಇದನ್ನು ಶಾಲೆಯಲ್ಲಿ ಮಕ್ಕಳಿಗೆ ಹೇಳಲೇಬೇಕು ಅಂತ ನನಗನಿಸುತ್ತದೆ.

ಅಳೆಯುವುದು ಸುಲಭವಿರಲಿಲ್ಲ. ಧ್ರುವಕ್ಕೆ ಆಗ ಯಾರೂ ಹೋಗಿರಲೇ ಇಲ್ಲ. ಹಾಗಾಗಿ ಫ್ರಾನ್ಸಿನ ಉತ್ತರ ತುದಿಯ ಡನ್‌ಕರ್ಕ್‌ನಿಂದ ಸ್ಪೇನಿನ ಬಾರ್ಸಿಲೋನಾವರೆಗಿನ ತುಂಡನ್ನು ಅಳೆದು, ಉಳಿದದ್ದನ್ನು ಲೆಕ್ಕ ಹಾಕುವುದು ಅಂತಾಯಿತು. 1792ರಲ್ಲಿ ಇಬ್ಬರು ಫ್ರೆಂಚ್ ಖಗೋಳ ವಿಜ್ಞಾನಿಗಳು, ದೆಲಾಂಬ್ರ್ ಉತ್ತರದ ಭಾಗಕ್ಕೆ, ಮೆಶೆಂ ದಕ್ಷಿಣದ ಭಾಗಕ್ಕೆ ಹೊರಟರು. ಚರ್ಚಿನ ಗೋಪುರ, ಗುಡ್ಡದ ತುದಿ ಹತ್ತಿ ಕೋನ ಅಳೆದು, ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತಾ ಸಾಗಿದರು. ಅದು ಫ್ರೆಂಚ್ ಕ್ರಾಂತಿಯ ಕಾಲ. ಉಪಕರಣ ಕಂಡರೆ ಸಾಕು, ಜನ ಅನುಮಾನಪಟ್ಟು ತಡೆಯುತ್ತಿದ್ದರು. ಕೆಲಸ ಮುಗಿದಿದ್ದು 1798ಕ್ಕೆ.

ಬಾರ್ಸಿಲೋನಾದಲ್ಲಿ ಮೆಶೆಂ ಪಡೆದ ಅಳತೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅದನ್ನು ಮುಚ್ಚಿಟ್ಟುಕೊಂಡು ವರ್ಷಗಟ್ಟಲೆ ಕೊರಗಿದರು. ಅಳತೆಯನ್ನು ಇನ್ನೂ ದಕ್ಷಿಣಕ್ಕೆ ಮುಂದುವರಿಸಲು ಮತ್ತೆ ಸ್ಪೇನಿಗೆ ಹೋದವರು 1804ರಲ್ಲಿ ಅಲ್ಲೇ ಜ್ವರದಿಂದ ತೀರಿಕೊಂಡರು. ಅವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. 1799ರಲ್ಲಿ ಮಾಡಿಟ್ಟ ಪ್ಲಾಟಿನಂ ಮೀಟರ್ ಪಟ್ಟಿ ಇರಬೇಕಾದ್ದಕ್ಕಿಂತ ಸುಮಾರು 0.2 ಮಿಲಿಮೀಟರ್ ಗಿಡ್ಡವಾಗಿದ್ದು ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ಮೆಶೆಂ ಅಲ್ಲ. ಭೂಮಿಯ ಆಕಾರವೇ ಲೆಕ್ಕದಲ್ಲಿ ಹಿಡಿದಂತೆ ಇರಲಿಲ್ಲ.

ಇನ್ನು ಹತ್ತರ ವಿಷಯ. ನಮ್ಮ ನೆಲದಲ್ಲಿ ಹುಟ್ಟಿದ ಹತ್ತರ ಸ್ಥಾನಬೆಲೆಯ ಅಂಕಿಗಳು ಅರಬ್ಬರ ಮೂಲಕ ಯುರೋಪಿಗೆ ಹೋಗಿದ್ದವು. 1585ರಲ್ಲಿ ಸೈಮನ್ ಸ್ಟೆವಿನ್ ಅನ್ನುವ ಗಣಿತಜ್ಞರು ಅಳತೆ, ತೂಕ, ನಾಣ್ಯಗಳೂ ಹತ್ತರಲ್ಲೇ ಇರಲಿ ಅಂತ ಬರೆದರು. ಎಣಿಸುವುದು ಹತ್ತರಲ್ಲಿ, ಅಳೆಯುವುದು ಹನ್ನೆರಡು, ಹದಿನಾರರಲ್ಲಿ ಅಂದರೆ ಲೆಕ್ಕ ಜಾಸ್ತಿ ತೊಡಕು. ಫ್ರೆಂಚರು ದಿನಕ್ಕೂ ಹತ್ತೇ ಗಂಟೆ ಮಾಡಿ ನೋಡಿದರು. 1795ರಲ್ಲೇ ಅದನ್ನು ಕೈಬಿಟ್ಟರು.

ನಮ್ಮಲ್ಲಿ 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆಮೇಲೆ ನೂರು ನಯಾ ಪೈಸೆ ಬಂತು. ಸೇರು, ತೊಲ ಹೋಗಿ ಅಂಗಡಿಗೆ ಕಿಲೋ ಬಂದಿದ್ದು ಅದರ ನಂತರ. ಮನೆಯಲ್ಲಿ ಆ ಕಾಲದ ಹಿರಿಯರಿದ್ದರೆ, ಆಣೆಯನ್ನು ಪೈಸೆಗೆ ಬದಲಿಸಿ ಲೆಕ್ಕ ಹಾಕುತ್ತಿದ್ದುದು ಹೇಗೆ ಅಂತ ಕೇಳಿ.