15ಕ್ಕೆ ಸೇರಿದರೂ 22 ವರ್ಷದ ಸೇವೆ ಯಾಕೆ?

ನಿಮ್ಮ ಪ್ರಶ್ನೆ ಸರಿಯಾಗಿದೆ ಸರ್. ಬ್ರಿಟಿಷ್ ನೌಕಾಪಡೆಗೆ 15ನೇ ವಯಸ್ಸಿಗೆ ಸೇರಿ 40ಕ್ಕೆ ನಿವೃತ್ತರಾದ ಎಲೆಕ್ಟ್ರಿಷಿಯನ್‌ಗೆ 25 ವರ್ಷದ ಸೇವೆ ಆಗಬೇಕಲ್ವಾ, 22 ಯಾಕೆ ಅಂತ ಕೇಳಿದ್ದೀರಿ. ಆದರೆ ಆಗಿನ ನಿಯಮದಲ್ಲಿ ಪಿಂಚಣಿಯ ಲೆಕ್ಕ ಶುರುವಾಗುತ್ತಿದ್ದದ್ದು 18 ತುಂಬಿದ ಮೇಲೆ, ಹಾಗಾಗಿ 18ರಿಂದ 40ರವರೆಗೆ 22 ವರ್ಷ. ಇಂಗ್ಲೆಂಡಿನ ಸಫೋಕ್‌ನ ಶಾಟ್ಲಿಯಲ್ಲಿದ್ದ ಎಚ್‌ಎಂಎಸ್ ಗ್ಯಾಂಜಸ್ ತರಬೇತಿ ಶಾಲೆಯಲ್ಲಿ ಹುಡುಗರು ಅಷ್ಟೆತ್ತರದ ಹಡಗುಕಂಬ ಹತ್ತಿ ಕಲಿತ ದಿನಗಳು ಲೆಕ್ಕಕ್ಕೇ ಇಲ್ಲ! ಇದು ಅನ್ಯಾಯ ಅಂತಲೇ ನನ್ನ ಅನಿಸಿಕೆ. 1976ರಲ್ಲಿ ಆ ಶಾಲೆಯೂ ಮುಚ್ಚಿತು.

ಗ್ಯಾಂಜಸ್ ಮುಗಿಸಿದ ಹುಡುಗರಲ್ಲಿ ಎಲೆಕ್ಟ್ರಿಷಿಯನ್ ಆಗುವವರಿಗೆ ಫೇರ್‌ಹ್ಯಾಮ್‌ನಲ್ಲಿ ನೆಲದ ಮೇಲಿದ್ದ ನೌಕಾಪಡೆಯ ತರಬೇತಿ ಕೇಂದ್ರ ಎಚ್‌ಎಂಎಸ್ ಕಾಲಿಂಗ್‌ವುಡ್‌ನಲ್ಲಿ ವಿದ್ಯುತ್ ತರಬೇತಿ, ಹಡಗಿನಲ್ಲಿ ಜನರೇಟರ್, ಸ್ವಿಚ್‌ಬೋರ್ಡ್ ಕೆಲಸ.

ಆ ಎಲೆಕ್ಟ್ರಿಷಿಯನ್ ನೌಕಾಪಡೆಯ ನೇಮಕಾತಿ ಕಚೇರಿಗೆ ಕೆಲಸಕ್ಕೆ ಹೋದದ್ದೂ ವಿಚಿತ್ರವಲ್ಲ. ಹಿರಿಯ ನಾವಿಕರನ್ನು ಅಲ್ಲಿ ಕೂರಿಸುತ್ತಿದ್ದರು. ಹಡಗಿನ ಬದುಕು ಹೇಗಿರುತ್ತೆ ಅಂತ ಹುಡುಗರಿಗೆ, ತಂದೆತಾಯಿಗೆ ಅವರಷ್ಟು ಚೆನ್ನಾಗಿ ಯಾರು ಹೇಳಬಲ್ಲರು?